ಅಪ್ಪನ ಬೋರ್ಡಿನ ಅಕ್ಷರ

ಬಿಬಿಡಿ ಬಾಗ್, ಕೋಲ್ಕತ್ತ
ಶನಿವಾರ

ಪ್ರೀತಿಯ ಅಪ್ಪನಿಗೆ,

ಅಮ್ಮನ ಮಂಡಿನೋವು ಈಗ ಹೇಗಿದೆ ಅಂತ ತಮ್ಮನ ಕೈಲಿ ಬರೆಸು. ಫೋನಿನಲ್ಲಿ ಕೇಳಿದರೆ ಅವಳು ಯಾವತ್ತೂ "ಪರವಾಗಿಲ್ಲ" ಅನ್ನುವವಳೇ.

ಮೊನ್ನೆ ನೀನು ಕೇಳಿದ್ದು ಫೋನಿನಲ್ಲಿ ಉತ್ತರ ಹೇಳಿ ಮುಗಿಸುವಂಥ ಪ್ರಶ್ನೆ ಅಲ್ಲ. "ಯಾರು ಬೇಕಾದರೂ ತಿದ್ದಬಹುದು ಅಂತ ನಾನೇ ಸಹಿ ಹಾಕಿ ಕೊಟ್ಟ ಮೇಲೆ ಅದು ನನ್ನ ಅಕ್ಷರ ಹೇಗಾಗುತ್ತೆ?" ಅಂದೆ. ಅದರ ಹಿಂದೆಯೇ "ವ್ಯಾಪಾರಕ್ಕೆ ಬಳಸಬಾರದು ಅಂತ ಒಂದು ಸಾಲು ಸೇರಿಸಿಬಿಡು, ಆಗ ನಂಗೆ ನೆಮ್ಮದಿ" ಅಂದೆ. ಲೈಸೆನ್ಸಿಗೆ ಆ ಸಾಲು ಸೇರಿಸಿದರೆ ಡೆಬಿಯನ್ನಿನವರು ನಿನ್ನ ಬೋರ್ಡಿನ ಅಕ್ಷರದಿಂದ ಮಾಡಿದ ನಮ್ಮ ಫಾಂಟನ್ನು ತೆಗೆದುಕೊಳ್ಳುವುದಿಲ್ಲ. ಏಕೆ ಅಂತ ನಿನಗೆ ಪೂರ್ತಿ ಗೊತ್ತಾಗಬೇಕು. ಗೊತ್ತಾದ ಮೇಲೂ ಬೇಡ ಅನ್ನಿಸಿದರೆ ನಾನು ಒತ್ತಾಯ ಮಾಡುವವಳಲ್ಲ. ಅಕ್ಷರ ನಿನ್ನದು.

ಮೊದಲು ಡೆಬಿಯನ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ತಮ್ಮನ ಕಂಪ್ಯೂಟರಿನಲ್ಲಿ ವಿಂಡೋಸ್ ಇಲ್ಲ, ಬೇರೆ ಏನೋ ಇದೆ ಅಂತ ನೀನು ನೋಡಿದ್ದೀಯ. ಅದರ ಬುಡದಲ್ಲಿರುವುದು ಇದೇ. 1993ರ ಆಗಸ್ಟಿನಲ್ಲಿ ಇಯಾನ್ ಮರ್ಡಾಕ್ ಎಂಬ ಹುಡುಗ ಶುರು ಮಾಡಿದ್ದು. ಕಾಲೇಜಿನಲ್ಲಿ ಓದುತ್ತಿದ್ದವನು, ತನ್ನ ಹುಡುಗಿ ಡೆಬ್ರಾಳ ಹೆಸರನ್ನೂ ತನ್ನ ಹೆಸರನ್ನೂ ಕೂಡಿಸಿ ಡೆಬಿಯನ್ ಅಂತ ಇಟ್ಟ. ಇದಕ್ಕೆ ಕಂಪನಿ ಅಂತ ಇಲ್ಲ, ಮಾಲೀಕ ಅಂತಲೂ ಇಲ್ಲ. ಬೇರೆ ಬೇರೆ ದೇಶಗಳ ಸ್ವಯಂಸೇವಕರು ತಂತ್ರಾಂಶಗಳನ್ನು ಆಯ್ದು, ಪರೀಕ್ಷಿಸಿ, ಒಂದಕ್ಕೊಂದು ಹೊಂದುವಂತೆ ಕಟ್ಟಿ ಇಡುತ್ತಾರೆ. ಹಾಗೆ ಕಟ್ಟಿದ ಒಂದೊಂದು ಗಂಟಿಗೂ ಪ್ಯಾಕೇಜ್ ಅಂತ ಹೆಸರು. 2025ರ ಆಗಸ್ಟ್ 9ರಂದು ಬಂದ ಟ್ರಿಕ್ಸಿ ಎಂಬ ಆವೃತ್ತಿಯಲ್ಲಿ ಅಂಥವು ಸುಮಾರು 70 ಸಾವಿರ ಇವೆ. ಯಾರು ಬೇಕಾದರೂ ಒಂದು ಪೈಸೆ ಕೊಡದೆ ಇಳಿಸಿಕೊಳ್ಳಬಹುದು.

ಕನ್ನಡದವೂ ಅಲ್ಲಿವೆ. ಅರವಿಂದ ವಿ.ಕೆ. ಅವರು ಮಾಡಿದ ಗುಬ್ಬಿ ಇದೆ, ನವಿಲು ಇದೆ. ನವಿಲು ಕೈಬರಹದ ಧಾಟಿಯ ಫಾಂಟು; ತಮ್ಮ ತೋರಿಸಿದಾಗ ನೀನು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ್ದೆಯಂತೆ. ಲೋಹಿತ್ ಎಂಬುದೂ ಇದೆ. ಅದನ್ನು ರೆಡ್ ಹ್ಯಾಟ್ ಕಂಪನಿ ಭಾರತದ ಬೇರೆ ಬೇರೆ ಭಾಷೆಗಳಿಗೆ ಮಾಡಿಸಿ ಬಿಟ್ಟುಕೊಟ್ಟದ್ದು. ಆದರೆ ಅಪ್ಪ, ಅಂಗಡಿ ಬೋರ್ಡಿನ ಅಕ್ಷರ ಅಲ್ಲಿ ಇಲ್ಲ. ಚಪ್ಪಟೆ ಬ್ರಶ್ಶನ್ನು ಎನಾಮೆಲ್‌ನಲ್ಲಿ ಅದ್ದಿ ಒಂದೇ ಎಳೆತಕ್ಕೆ ತಲೆಕಟ್ಟು ತಿರುಗಿಸುವ ಕೈ, ದಪ್ಪದಿಂದ ಸಪೂರಕ್ಕೆ ಇಳಿಯುವ ಆ ಗುಡಿಸು, ಸಾಗರ–ಸೊರಬ–ಶಿರಸಿ ಬಸ್ಸಿನ ಹಣೆಯ ಮೇಲೆ ದೂರದಿಂದಲೇ ಓದಿಸಿಕೊಳ್ಳುತ್ತಿದ್ದ ಆ ಅಕ್ಷರ ಎಲ್ಲಿಯೂ ಇಲ್ಲ. ಫ್ಲೆಕ್ಸ್ ಬಂದ ಮೇಲೆ ಊರೂರಲ್ಲಿ ನಿನ್ನಂಥವರ ಕೆಲಸ ನಿಂತಿತು. ತಗಡಿನ ಮೇಲಿದ್ದದ್ದನ್ನು ಮಳೆ ತಿನ್ನುತ್ತಿದೆ. ನೀನು ಡ್ರಾಯಿಂಗ್ ಹಾಳೆಯ ಮೇಲೆ ಬರೆದುಕೊಟ್ಟೆ, ತಮ್ಮ ಸ್ಕ್ಯಾನ್ ಮಾಡಿ ಫಾಂಟ್‌ಫೋರ್ಜ್ ಎಂಬ ತಂತ್ರಾಂಶದಲ್ಲಿ ಗೆರೆ ಗೆರೆಯಾಗಿ ಎಳೆದ, ಅಂತಲೇ ಅದು ಈಗ ನನ್ನ ಪರದೆಯ ಮೇಲೆ ಇದೆ.

ನಿನಗೆ ಗೊತ್ತಿರುವುದನ್ನೇ ಕಂಪ್ಯೂಟರಿಗೆ ಹೇಳಿಕೊಡುವುದು ಎಷ್ಟು ಕಷ್ಟ ಅಂತ ಈ ಕೆಲಸಕ್ಕೆ ಕೂತ ಮೇಲೆ ತಿಳಿಯಿತು. "ರಾಷ್ಟ್ರೀಯ" ಅಂತ ಬರೆಯುವಾಗ ನೀನು ಟ ಒತ್ತನ್ನು ಸ್ವಲ್ಪ ಎಡಕ್ಕೆ ಸರಿಸಿ, ರ ಒತ್ತನ್ನು ಅದರ ಬಲಕ್ಕೆ ಸೇರಿಸಿ ಕೂರಿಸುತ್ತಿದ್ದೆ. ಜಾಗ ಸಾಲದಿದ್ದರೆ ಕಣ್ಣಂದಾಜಿನಲ್ಲೇ ಕುಗ್ಗಿಸುತ್ತಿದ್ದೆ. ಫಾಂಟಿಗೆ ಕಣ್ಣಂದಾಜು ಇಲ್ಲ. ಈ ಅಕ್ಷರದ ಹಿಂದೆ ಈ ಒತ್ತು ಬಂದರೆ ಹೀಗೆ, ಅದರ ಮೇಲೆ ಇನ್ನೊಂದು ಒತ್ತು ಬಂದರೆ ಹಾಗೆ ಅಂತ ಒಂದೊಂದಕ್ಕೂ ನಿಯಮ ಬರೆಯಬೇಕು. ಹಾರ್ಫ್‌ಬಝ್ ಎಂಬ ತಂತ್ರಾಂಶ ಆ ನಿಯಮಗಳನ್ನು ಓದಿ ಅಕ್ಷರ ಜೋಡಿಸುತ್ತದೆ. ಫೈರ್‌ಫಾಕ್ಸ್, ಲಿಬ್ರೆಆಫೀಸ್, ಆಂಡ್ರಾಯ್ಡ್ ಫೋನು, ಎಲ್ಲದರ ಒಳಗೂ ಇರುವುದು ಅದೇ. ಕ ಒಂದಕ್ಕೇ ಎಷ್ಟು ರೂಪ ನೋಡು. ತಲೆಕಟ್ಟಿನ ಕ, ತಲೆಕಟ್ಟು ತೆಗೆದ ಕ, ಗುಡಿಸು ಮೈಗೆ ಬೆರೆತ ಕಿ, ಕೆಳಗೆ ಕೂರುವ ಕ ಒತ್ತು. ಹೀಗೆ ಒಟ್ಟು ಕೆಲವು ನೂರು ಚಿತ್ರಗಳಾಗುತ್ತವೆ.

"ಸೂರ್ಯ" ಮತ್ತು "ರ‍್ಯಾಂಕ್" ನೆನಪಿದೆಯಾ? ಟ್ಯೂಷನ್ ಕ್ಲಾಸಿನ ಬೋರ್ಡಿನಲ್ಲಿ ರ‍್ಯಾಂಕ್ ಅಂತ ಬರೆಯುವಾಗ ನೀನು ಅರ್ಕಾವೊತ್ತು ಹಾಕದೆ ರ ಬರೆದು ಕೆಳಗೆ ಯ ಒತ್ತು ಕೊಟ್ಟೆ. ಸೂರ್ಯನಿಗೆ ಅರ್ಕಾವೊತ್ತೇ ಕೊಟ್ಟೆ. ಎರಡರಲ್ಲೂ ಇರುವುದು ರ ಮತ್ತು ಯ. ಕೈಯಲ್ಲಿ ಬರೆಯುವವನಿಗೆ ತೊಂದರೆಯೇ ಇಲ್ಲ. ಯೂನಿಕೋಡ್ ಎಂಬ ಕಂಪ್ಯೂಟರ್ ಸಂಕೇತದಲ್ಲಿ ಮಾತ್ರ ರ‍್ಯಾಂಕಿನ ರ-ಕಾರಕ್ಕೂ ಅದರ ನಂತರದ ಹಲಂತ ಚಿಹ್ನೆಗೂ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಇಡಬೇಕು. ಅದನ್ನು ಗುರುತಿಸುವ ನಿಯಮ ಫಾಂಟಿನಲ್ಲಿ ಇಲ್ಲದಿದ್ದರೆ ಅರ್ಕಾವೊತ್ತಿನ "ರ್ಯಾಂಕ್" ಮೂಡಿ ಓದುವವರ ನಾಲಿಗೆ ತೊಡರುತ್ತದೆ. ಇದರೊಂದಿಗೆ ಕಳಿಸಿರುವ ಹಾಳೆಯಲ್ಲಿ ಎರಡನ್ನೂ ಅಕ್ಕಪಕ್ಕ ಅಚ್ಚು ಹಾಕಿದ್ದೇನೆ. ಅರ್ಕಾವೊತ್ತಿನ ಬಾಲ ಇನ್ನೂ ಉದ್ದ ಬೇಕೇ ಅಂತ ಪೆನ್ಸಿಲ್ಲಿನಲ್ಲಿ ಗುರುತು ಹಾಕು. ಶಾಸ್ತ್ರಿ ಎಂಬಲ್ಲಿ ಕೆಳಗಿನ ಒತ್ತು ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತಿತ್ತು. ಸಾಲಿನ ಎತ್ತರದ ಅಳತೆ ಬದಲಿಸಿದ ಮೇಲೆ ಸರಿಹೋಯಿತು.

ಇಷ್ಟಾದರೆ ಫಾಂಟು ಆಯಿತು. ಪ್ಯಾಕೇಜಿನ ಕೆಲಸ ಶುರುವಾಗುವುದು ಇಲ್ಲಿಂದ. ತಡವಾಗುತ್ತಿರುವುದೂ ಇದಕ್ಕೇ.

ಮೊದಲು ಡೆಬಿಯನ್ನಿಗೆ ಒಂದು ಸೂಚನೆ ಕಳಿಸಬೇಕು: ಇಂಥ ಫಾಂಟು ಇದೆ, ನಾನು ಪ್ಯಾಕೇಜ್ ಮಾಡುತ್ತಿದ್ದೇನೆ, ಲೈಸೆನ್ಸು ಇಂಥದ್ದು ಅಂತ. ಒಂದೇ ಕೆಲಸಕ್ಕೆ ಇಬ್ಬರು ಕೈಹಾಕಬಾರದು ಎಂದು ಈ ಪದ್ಧತಿ. ಆಮೇಲೆ ಮೂಲ ಕಡತಗಳ ಪಕ್ಕದಲ್ಲಿ ಡೆಬಿಯನ್ ಎಂಬ ಹೆಸರಿನ ಒಂದು ಕಪಾಟು ಮಾಡಿ ಕೆಲವು ಸಣ್ಣ ಕಡತ ಬರೆದಿಡಬೇಕು. ಒಂದರಲ್ಲಿ ಪ್ಯಾಕೇಜಿನ ಹೆಸರು, ಜವಾಬ್ದಾರಿ ಹೊತ್ತವರು, ಕಟ್ಟಲು ಬೇರೆ ಏನೇನು ಬೇಕು, ಮತ್ತು 80 ಅಕ್ಷರಕ್ಕಿಂತ ಕಡಿಮೆಯ ಒಂದು ಸಾಲಿನ ವಿವರಣೆ. ಇನ್ನೊಂದರಲ್ಲಿ ಕಟ್ಟುವ ವಿಧಾನ. ಮತ್ತೊಂದರಲ್ಲಿ ಯಾವ ಆವೃತ್ತಿಯಲ್ಲಿ ಏನು ಬದಲಾಯಿತು ಅನ್ನುವ ದಿನಚರಿ. ಎಲ್ಲಕ್ಕಿಂತ ಮುಖ್ಯವಾದದ್ದು ಹಕ್ಕಿನ ಕಡತ. ಗಂಟಿನೊಳಗಿನ ಪ್ರತಿಯೊಂದು ಕಡತವೂ ಯಾರದ್ದು, ಯಾವ ಷರತ್ತಿನ ಮೇಲೆ ಕೊಟ್ಟದ್ದು ಅಂತ ಅದರಲ್ಲಿ ಇರಬೇಕು. ಒಂದೂ ಬಿಡುವ ಹಾಗಿಲ್ಲ.

ಆ ಕಡತ ಬರೆಯಲು ಕೂತಾಗ ತಮ್ಮ ಇಟ್ಟಿದ್ದ ಮಾದರಿ ಪುಟ ತೆಗೆಯಬೇಕಾಯಿತು. ಫಾಂಟು ಹೇಗೆ ಕಾಣುತ್ತದೆ ಅಂತ ತೋರಿಸಲು ಅವನು ಬೇಂದ್ರೆಯವರ ಒಂದು ಕವನ ಪೂರ್ತಿ ಹಾಕಿದ್ದ. ನಿನ್ನ ಅಕ್ಷರದಲ್ಲಿ ಬೇಂದ್ರೆಯವರನ್ನು ಓದಿ ನನಗೂ ಮನಸ್ಸು ತುಂಬಿತ್ತು. ಆದರೆ ನಮ್ಮ ದೇಶದಲ್ಲಿ ಕವಿ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆಯವರು ಹೋದದ್ದು 1981ರಲ್ಲಿ. 2041 ಮುಗಿಯುವವರೆಗೂ ಅದನ್ನು ಬಿಡುಗಡೆ ಮಾಡುವ ಅಧಿಕಾರ ನಮ್ಮ ಕೈಯಲ್ಲಿಲ್ಲ. ಅದರ ಜಾಗದಲ್ಲಿ ನಿನ್ನ ಹಳೇ ಬೋರ್ಡುಗಳ ಮಾತುಗಳನ್ನೇ ಹಾಕಿದ್ದೇನೆ: ಹಿಟ್ಟಿನ ಗಿರಣಿ, ಸೈಕಲ್ ಶಾಪ್, ಅಡಿಕೆ ಮಂಡಿ, ಇಲ್ಲಿ ಬಟ್ಟೆ ಹೊಲಿದು ಕೊಡಲಾಗುವುದು. ಅವಕ್ಕೆ ಯಾರ ಅಪ್ಪಣೆಯೂ ಬೇಡ. ನಿನ್ನ ಅಕ್ಷರಕ್ಕೆ ಅವೇ ಒಪ್ಪುತ್ತವೆ ಅಂತ ಈಗ ಅನ್ನಿಸುತ್ತದೆ.

ಇಷ್ಟೊಂದು ಬಿಗಿ ಏಕೆ ಅಂತ ಕೇಳುತ್ತೀಯ. 1997ರ ಜುಲೈಯಲ್ಲಿ ಡೆಬಿಯನ್ನಿನವರು ಒಂದು ಸಾಮಾಜಿಕ ಒಪ್ಪಂದ ಮಾಡಿಕೊಂಡರು. ಒಳಗೆ ಬರುವುದೆಲ್ಲ ಮುಕ್ತವಾಗಿಯೇ ಇರಬೇಕು, ಬಳಸುವವನಿಗೆ ಕೊಟ್ಟ ಮಾತು ಅದು. ಮುಕ್ತ ಅಂದರೆ ಏನು ಅನ್ನುವುದಕ್ಕೆ ಅದರಲ್ಲೇ ಮಾರ್ಗಸೂಚಿ ಇದೆ. ಅದರ ಆರನೆಯ ಸೂತ್ರವೇ ನಿನ್ನ ಸಾಲಿಗೆ ಅಡ್ಡ ಬರುವುದು. ಯಾವ ಉದ್ಯೋಗದ ಮೇಲೂ ಭೇದ ಮಾಡಬಾರದು ಅನ್ನುತ್ತದೆ ಅದು. ವ್ಯಾಪಾರಕ್ಕೆ ಬಳಸಬೇಡ ಅಂತ ನಾವು ಬರೆದರೆ ಡಿಟಿಪಿ ಅಂಗಡಿಯವನು ಮದುವೆ ಕಾಗದ ಮಾಡುವ ಹಾಗಿಲ್ಲ, ಸಣ್ಣ ಪ್ರಕಾಶಕ ಪುಸ್ತಕದ ಮುಖಪುಟಕ್ಕೆ ಹಾಕುವ ಹಾಗಿಲ್ಲ, ಬೇಕರಿಯವಳು ಪೊಟ್ಟಣದ ಮೇಲೆ ಅಚ್ಚು ಹಾಕಿಸುವ ಹಾಗಿಲ್ಲ. ಒಂದು ಮಾತು ಹೇಳಲೇ? ನಿನ್ನ ಅಕ್ಷರ ಹುಟ್ಟಿದ್ದೇ ಅಂಗಡಿಗಾಗಿ. ದಿನಸಿ ಅಂಗಡಿಯವರು, ಹೋಟೆಲಿನವರು, ಬಸ್ಸಿನವರು ಕೊಟ್ಟ ದುಡ್ಡಿನಲ್ಲೇ ನಾವಿಬ್ಬರೂ ಓದಿದ್ದು. ವ್ಯಾಪಾರದವರನ್ನು ಹೊರಗಿಟ್ಟರೆ ಆ ಅಕ್ಷರ ಹೋಗುವುದಾದರೂ ಎಲ್ಲಿಗೆ?

ನಿನ್ನ ಭಯ ಏನು ಅಂತ ನನಗೆ ಗೊತ್ತು. ಯಾವನೋ ದೊಡ್ಡ ಕಂಪನಿಯವನು ಎತ್ತಿಕೊಂಡು ಡಬ್ಬಿಯಲ್ಲಿ ಹಾಕಿ ಮಾರಿದರೆ ಅಂತ. ಅದಕ್ಕೆ ನಾನು ಆರಿಸಿರುವ ಲೈಸೆನ್ಸಿನಲ್ಲೇ ತಡೆ ಇದೆ. ಓಪನ್ ಫಾಂಟ್ ಲೈಸೆನ್ಸ್ ಅಂತ ಅದರ ಹೆಸರು, 2007ರಲ್ಲಿ ಎಸ್‌ಐಎಲ್ ಎಂಬ ಭಾಷಾ ಸಂಸ್ಥೆ ಹೊರತಂದ 1.1ನೇ ಆವೃತ್ತಿ. ಲೋಹಿತ್ ಫಾಂಟುಗಳೂ 2011ರಿಂದ ಅದರಡಿಯಲ್ಲೇ ಇವೆ. ಬಳಸಬಹುದು, ಹಂಚಬಹುದು, ತಿದ್ದಬಹುದು. ಆದರೆ ಫಾಂಟನ್ನು ಅದೊಂದನ್ನೇ ಮಾರುವ ಹಾಗಿಲ್ಲ. ತಿದ್ದಿದವನು ತಿದ್ದಿದ್ದನ್ನೂ ಅದೇ ಷರತ್ತಿನ ಮೇಲೆ ಬಿಟ್ಟುಕೊಡಬೇಕು, ಬೀಗ ಹಾಕುವ ಹಾಗಿಲ್ಲ.

ಇನ್ನು "ನನ್ನ ಅಕ್ಷರ ಹೇಗಾಗುತ್ತೆ" ಅಂದೆಯಲ್ಲ, ಅದಕ್ಕೂ ಇಲ್ಲೊಂದು ದಾರಿ ಇದೆ. ಫಾಂಟಿನ ಹೆಸರನ್ನು ಕಾಯ್ದಿರಿಸಬಹುದು. ಹಾಗೆ ಮಾಡಿದರೆ ಯಾರಾದರೂ ಗೆರೆ ಬದಲಿಸಿದ ಕೂಡಲೇ ಬೇರೆ ಹೆಸರು ಇಟ್ಟುಕೊಳ್ಳಬೇಕು. ನಿನ್ನ ಒಪ್ಪಿಗೆ ಇಲ್ಲದೆ ನಿನ್ನ ಹೆಸರು ಹೇಳಿ ಪ್ರಚಾರ ಮಾಡುವ ಹಾಗೂ ಇಲ್ಲ. ಡೆಬಿಯನ್ನಿನ ನಾಲ್ಕನೆಯ ಸೂತ್ರ ಇದನ್ನು ಒಪ್ಪುತ್ತದೆ. ತಿದ್ದಿದ ಪ್ರತಿಗೆ ಬೇರೆ ಹೆಸರು ಇಡಬೇಕೆಂದು ಕೇಳುವುದು ಕರ್ತೃವಿನ ಹಕ್ಕು ಅನ್ನುತ್ತದೆ. ಹೆಸರು ಕಾಯ್ದಿರಿಸಿದರೆ ಒಳ್ಳೆ ಮನಸ್ಸಿನಿಂದ ಸಣ್ಣ ದೋಷ ಸರಿಪಡಿಸುವವನಿಗೂ ತೊಡಕು, ಅದಕ್ಕೇ ಈಗ ಕೆಲವರು ಅದು ಬೇಡ ಅನ್ನುತ್ತಾರೆ. ನನ್ನ ಮನಸ್ಸು ಮಾತ್ರ ಕಾಯ್ದಿರಿಸಬೇಕು ಅನ್ನುತ್ತದೆ. ನಿನ್ನ ಕೈಯ ತಿರುವು ಹೇಗಿತ್ತೋ ಹಾಗೆಯೇ ಒಂದು ಹೆಸರಿನಡಿ ಉಳಿಯಲಿ. ಬೇರೆಯವರು ಅದರಿಂದ ಏನು ಕಟ್ಟಿದರೂ ಅದು ಅವರ ಹೆಸರಿನಲ್ಲಿ ಇರಲಿ.

"ಹೋಗಲಿ, ತಯಾರಾದ ಫಾಂಟೊಂದನ್ನು ಕೊಟ್ಟರೆ ಸಾಲದೇ, ಫಾಂಟ್‌ಫೋರ್ಜಿನ ಮೂಲ ಕಡತ ಏಕೆ?" ಅಂತ ತಮ್ಮನೂ ಕೇಳಿದ. ಇದಕ್ಕೆ ಉತ್ತರ ನನಗೆ ಈ ಊರಿನಲ್ಲೇ ಸಿಕ್ಕಿತು.

ನನ್ನ ಕಚೇರಿ ಇರುವ ಜಾಗದ ಬಗ್ಗೆ ನಿನಗೆ ಹೇಳಿಯೇ ಇಲ್ಲ. ಲಾಲ್‌ದಿಘಿ ಅಂತ ಚೌಕಾಕಾರದ ಕೆರೆ, ಸುತ್ತ ಬ್ರಿಟಿಷರ ಕಾಲದ ಕಟ್ಟಡಗಳು. ಈ ಪತ್ರ ಹಾಕುವ ದೊಡ್ಡ ಅಂಚೆ ಕಚೇರಿಯದ್ದು ಬಿಳಿ ಗುಮ್ಮಟ, 1868ರದು. ಡಾಲ್‌ಹೌಸಿ ಚೌಕ ಅಂತಿದ್ದದ್ದಕ್ಕೆ ಬಿನಯ್, ಬಾದಲ್, ದಿನೇಶ್ ಎಂಬ ಮೂವರು ಹುಡುಗರ ನೆನಪಿಗೆ ಬಿಬಿಡಿ ಬಾಗ್ ಅಂತ ಹೆಸರಿಟ್ಟರು. 1930ರ ಡಿಸೆಂಬರ್ 8ರಂದು ಇಲ್ಲಿಯ ರೈಟರ್ಸ್ ಬಿಲ್ಡಿಂಗಿಗೆ ನುಗ್ಗಿ ಕಾರಾಗೃಹಗಳ ಐಜಿ ಸಿಂಪ್ಸನ್ನನನ್ನು ಗುಂಡಿಟ್ಟು ಕೊಂದವರು ಅವರು. ಮಿನಿಬಸ್ಸಿನ ಕಂಡಕ್ಟರುಗಳು ಇವತ್ತಿಗೂ ಡಾಲ್‌ಹೌಸಿ ಅಂತಲೇ ಕೂಗುತ್ತಾರೆ. ಆ ಬಸ್ಸುಗಳ ಮೈಮೇಲಿನ ಅಕ್ಷರ ಕೈಯಲ್ಲೇ ಬರೆದದ್ದು, ನೀನು ಬಂದರೆ ರಸ್ತೆ ದಾಟುವುದನ್ನೇ ಮರೆತು ನೋಡುತ್ತ ನಿಂತುಬಿಡುತ್ತೀಯ.

ಆ ಕೆಂಪು ರೈಟರ್ಸ್ ಬಿಲ್ಡಿಂಗಿನಲ್ಲಿ ಒಂದು ಕಾಲಕ್ಕೆ ಫೋರ್ಟ್ ವಿಲಿಯಂ ಕಾಲೇಜು ಇತ್ತು. 1801ರಿಂದ ಆ ಕಾಲೇಜಿನಲ್ಲಿ ಪಾಠ ಹೇಳಿದ ವಿಲಿಯಂ ಕೇರಿಯ ಮುದ್ರಣಾಲಯ ಇದ್ದದ್ದು ಹೂಗ್ಲಿ ನದಿಯ ಮೇಲುಗಡೆಯ ಶ್ರೀರಾಂಪುರದಲ್ಲಿ. ಇಲ್ಲಿಯ ಮಹಾಕರಣ್ ಸ್ಟೇಷನ್ನಿನಿಂದ ನದಿಯ ಅಡಿಯಲ್ಲೇ ಹೋಗುವ ಮೆಟ್ರೋ ಹಿಡಿದು ಹೌರಾಕ್ಕೆ, ಅಲ್ಲಿಂದ ಲೋಕಲ್ ರೈಲಿನಲ್ಲಿ ನಾನು ಹೋಗಿ ನೋಡಿ ಬಂದೆ. ನಮಗೂ ಆ ಊರಿಗೂ ಸಂಬಂಧ ಇದೆ, ಅಪ್ಪ. 1817ರಲ್ಲಿ ಕೇರಿಯ ಕರ್ನಾಟ ಭಾಷೆಯ ವ್ಯಾಕರಣ ಅಚ್ಚಾದದ್ದು ಅಲ್ಲಿ. ಕನ್ನಡದ ಮೊಳೆ ಜೋಡಿಸಿ ಅಚ್ಚು ಮಾಡಿದ ಮೊದಲ ಪುಸ್ತಕ ಅಂತ ಅದನ್ನೇ ಹೇಳುತ್ತಾರೆ. ಆ ಮುದ್ರಣಾಲಯಕ್ಕೆ ಮೊಳೆ ಕೊರೆದವರು ಬಂಗಾಳದ ಕಮ್ಮಾರ ಮನೆತನದವರು: ಮೊದಲು ಪಂಚಾನನ ಕರ್ಮಕಾರ, ಅವರ ನಂತರ ಅಳಿಯ ಮನೋಹರ. ಅಕ್ಷರವನ್ನು ಕೈಯಲ್ಲಿ ತಿದ್ದಿದ ಜನ, ನಿನ್ನ ಜಾತಿಯವರೇ ಅನ್ನು.

ಅವರು ಮಾಡುತ್ತಿದ್ದದ್ದು ಹೀಗೆ. ಮೊದಲು ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ಉಬ್ಬಾಗಿ ಕೊರೆಯುವುದು, ಅದಕ್ಕೆ ಪಂಚ್ ಅಂತ ಹೆಸರು. ಅದನ್ನು ತಾಮ್ರದ ತುಂಡಿಗೆ ಹೊಡೆದು ಅಚ್ಚು ಮಾಡುವುದು. ಅಚ್ಚಿಗೆ ಕರಗಿದ ಸೀಸ ಸುರಿದು ಮೊಳೆ ತೆಗೆಯುವುದು. 1812ರ ಮಾರ್ಚ್ 11ರ ಸಂಜೆ ಆ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಕಾಗದ ಸುಟ್ಟಿತು, ಕೇರಿಯ ಎಷ್ಟೋ ಹಸ್ತಪ್ರತಿ ಸುಟ್ಟವು, ಹಲವು ಭಾಷೆಗಳ ಮೊಳೆಗಳು ಕರಗಿ ಗಟ್ಟಿಯಾಗಿ ಬಿದ್ದವು. ಆದರೆ ಬೂದಿ ಕೆದಕಿದಾಗ ಪಂಚುಗಳೂ ಅಚ್ಚುಗಳೂ ಸಿಕ್ಕಿದವು. ಮುದ್ರಣಾಲಯ ನೋಡಿಕೊಳ್ಳುತ್ತಿದ್ದ ವಿಲಿಯಂ ವಾರ್ಡ್ ಕರಗಿದ ಲೋಹವನ್ನೇ ಕೂಡಿಹಾಕಿ ಹೊಸ ಮೊಳೆ ಎರಕ ಹೊಯ್ಯಿಸಲು ಶುರು ಮಾಡಿದ. ಐದು ವರ್ಷದ ಮೇಲೆ ಅದೇ ಮುದ್ರಣಾಲಯದಿಂದ ಆ ಕನ್ನಡ ವ್ಯಾಕರಣ ಬಂತು.

ತಮ್ಮ ಕೊಡುತ್ತೇನೆ ಅನ್ನುವ ತಯಾರಾದ ಫಾಂಟು ಮೊಳೆ. ಫಾಂಟ್‌ಫೋರ್ಜಿನ ಕಡತ ಪಂಚು. ಗೆರೆಗಳ ಬಿಂದುಗಳು, ಒತ್ತುಗಳು ಕೂರುವ ಜಾಗ, ನಿಯಮಗಳಿಗೆ ತಮ್ಮ ಕೊಟ್ಟ ಹೆಸರು, ಎಲ್ಲ ಇರುವುದು ಅದರಲ್ಲಿ. ನಾಳೆ ಅಕ್ಷರ ಜೋಡಿಸುವ ವಿಧಾನ ಬದಲಾದರೆ, ಹೊಸ ಚಿಹ್ನೆ ಬಂದರೆ, ನಾವ್ಯಾರೂ ಇಲ್ಲದ ಕಾಲಕ್ಕೂ ಯಾರೋ ಅದರಿಂದ ಹೊಸದಾಗಿ ಫಾಂಟು ಎರಕ ಹೊಯ್ಯಬಹುದು. ಹಳೇ ಡಿಟಿಪಿ ಫೈಲುಗಳ ಗತಿ ನೀನೇ ಕಂಡಿದ್ದೀಯ. ಯೂನಿಕೋಡಿಗೆ ಮುಂಚಿನ ಫಾಂಟಿನಲ್ಲಿ ಕೂರಿಸಿದ ಪುಸ್ತಕ, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಒಂದು ಅಕ್ಷರವೂ ಕಾಣುವುದಿಲ್ಲ. ಅದಕ್ಕೇ ಡೆಬಿಯನ್ ಮೂಲ ಕೇಳುತ್ತದೆ. ಮೂಲದಿಂದ ತಾನೇ ಕಟ್ಟಿದ್ದನ್ನು ಮಾತ್ರ ಹಂಚುತ್ತದೆ.

ಕಟ್ಟುವುದೂ ಖಾಲಿ ಮನೆಯಲ್ಲಿ ಒಲೆ ಹೂಡಿದ ಹಾಗೆ. ನನ್ನ ಕಂಪ್ಯೂಟರಿನಲ್ಲಿ ಏನೇನೋ ಇದೆ, ಅದರ ಬಲದ ಮೇಲೆ ಕಟ್ಟಿದರೆ ಲೆಕ್ಕಕ್ಕಿಲ್ಲ. ಪಟ್ಟಿಯಲ್ಲಿ ಬರೆದದ್ದಷ್ಟೇ ಇರುವ ಬರಿದಾದ ವ್ಯವಸ್ಥೆಯೊಳಗೆ ಅದು ಕಟ್ಟಬೇಕು. ಎರಡು ಸಲ ಕಟ್ಟಿದರೆ ಎರಡೂ ಬೈಟು ಬೈಟಿಗೆ ಒಂದೇ ಆಗಿರಬೇಕು ಎಂಬುದು ಅವರ ಆಸೆ. ಫಾಂಟಿನೊಳಗೆ ಕಟ್ಟಿದ ಹೊತ್ತು ಕೂತುಬಿಡುತ್ತದೆ, ಹಾಗಾಗಿ ದಿನಚರಿ ಕಡತದ ತಾರೀಖನ್ನೇ ಅದಕ್ಕೂ ಕೊಡುವುದು ರೂಢಿ. ಲಿಂಟಿಯನ್ ಎಂಬ ಪರೀಕ್ಷಕ ತಂತ್ರಾಂಶ ಒಂದೊಂದು ಕಡತವನ್ನೂ ಓದಿ ತಕರಾರು ಹೇಳುತ್ತದೆ. ವಿವರಣೆಯ ಸಾಲು ಇಂಗ್ಲಿಷಿನ "ಎ" ಅಥವಾ "ದಿ"ಯಿಂದ ಶುರುವಾದರೂ ಅದು ಒಪ್ಪುವುದಿಲ್ಲ. ಬೋರ್ಡು ಬರೆದು ಮುಗಿಸಿ ರಸ್ತೆಯ ಆಚೆ ಬದಿಗೆ ಹೋಗಿ ನಿಂತು ನೋಡಿ, ಮತ್ತೆ ಏಣಿ ಹತ್ತುತ್ತಿದ್ದವನ ಮಗಳು ನಾನು. ಈ ತಕರಾರುಗಳು ನನಗೆ ಬೇಸರ ತರುವುದಿಲ್ಲ.

ನಾನಿನ್ನೂ ಡೆಬಿಯನ್ನಿನ ಸದಸ್ಯೆ ಅಲ್ಲ. ನೇರವಾಗಿ ಸೇರಿಸುವ ಅಧಿಕಾರ ಇಲ್ಲ. ಸದಸ್ಯರಲ್ಲಿ ಒಬ್ಬರು ನನ್ನ ಕೆಲಸ ಪರೀಕ್ಷಿಸಿ, ತಮ್ಮ ಡಿಜಿಟಲ್ ಸಹಿ ಹಾಕಿ ಒಳಗೆ ಕಳಿಸಬೇಕು. ಆ ಸಹಿ ಯಾರದ್ದೆಂದು ನಂಬುವುದಕ್ಕೆ ಅವರು ಒಬ್ಬರನ್ನೊಬ್ಬರು ಮುಖತಃ ಭೇಟಿಯಾಗಿ ಗುರುತು ಚೀಟಿ ನೋಡಿ ಖಾತ್ರಿ ಮಾಡಿಕೊಳ್ಳುತ್ತ ಬಂದಿದ್ದಾರೆ. 2023ರ ಸೆಪ್ಟೆಂಬರಿನಲ್ಲಿ ಅವರ ಜಾಗತಿಕ ಸಮಾವೇಶ ಕೊಚ್ಚಿಯಲ್ಲೇ ನಡೆಯಿತು. ಒಳಗೆ ಹೋದ ಹೊಸ ಪ್ಯಾಕೇಜು ಮೊದಲು ಒಂದು ಸರತಿಯಲ್ಲಿ ಕಾಯುತ್ತದೆ. ಅಲ್ಲಿ ಮನುಷ್ಯರೇ ಕೂತು ಹಕ್ಕಿನ ಕಡತ ಓದುತ್ತಾರೆ. ಒಪ್ಪಿದರೆ ಮೊದಲು ಅಸ್ಥಿರ ಎಂಬ ವಿಭಾಗಕ್ಕೆ, ದೊಡ್ಡ ದೋಷ ಕಾಣದಿದ್ದರೆ ಕೆಲವು ದಿನಗಳಲ್ಲಿ ಪರೀಕ್ಷಾ ವಿಭಾಗಕ್ಕೆ, ಅಲ್ಲಿಂದ ಮುಂದಿನ ಸ್ಥಿರ ಆವೃತ್ತಿಗೆ. ಆ ಆವೃತ್ತಿಗೆ ಫೋರ್ಕಿ ಅಂತ ಹೆಸರು ಆಗಲೇ ಇಟ್ಟಿದ್ದಾರೆ. ಸ್ಥಿರ ಆವೃತ್ತಿ ಬರುವುದು ಸುಮಾರು ಎರಡು ವರ್ಷಕ್ಕೊಮ್ಮೆ, ಅದಕ್ಕೆ ತಿಂಗಳುಗಳ ಮುಂಚೆಯೇ ಬಾಗಿಲು ಹಾಕುತ್ತಾರೆ. ಬಾಗಿಲು ಹಾಕುವ ಮೊದಲು ನಾವು ಒಳಗಿರಬೇಕು ಅನ್ನುವುದೇ ನನ್ನ ಅವಸರ.

ಒಳಗೆ ಸೇರಿದರೆ ಏನಾಗುತ್ತದೆ ಅಂತ ಹೇಳುತ್ತೇ​ನೆ ಕೇಳು. ಉಬುಂಟು ಎಂಬ ಇನ್ನೊಂದು ವ್ಯವಸ್ಥೆ ತನ್ನ ಬಹುಪಾಲು ಪ್ಯಾಕೇಜುಗಳನ್ನು ಡೆಬಿಯನ್ನಿನಿಂದ ತೆಗೆದುಕೊಳ್ಳುತ್ತದೆ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳಿಗೆ ಅಲ್ಲಿಯ ಕೈಟ್ ಸಂಸ್ಥೆ ಸಿದ್ಧಪಡಿಸಿ ಕೊಡುವುದು ಉಬುಂಟುವಿನ ಮೇಲೆ ಕಟ್ಟಿದ್ದನ್ನು. ಅಂದರೆ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕನ್ನಡ ಮಾಧ್ಯಮದ ಮಕ್ಕಳು ಕೂರುವುದು ಇದೇ ಬುಡದ ಕಂಪ್ಯೂಟರಿನ ಮುಂದೆ. ಆ ಕಡೆ ರಸ್ತೆಯ ಬೋರ್ಡುಗಳಲ್ಲಿ ಕನ್ನಡ ಕಡಿಮೆಯಾಗುತ್ತಿದೆ ಅಂತ ನೀನೇ ಕೊರಗುತ್ತಿದ್ದೆ. ಅಲ್ಲಿಯ ಒಬ್ಬ ಮೇಷ್ಟ್ರು ಶಾಲಾ ವಾರ್ಷಿಕೋತ್ಸವದ ಬ್ಯಾನರಿಗೆ ಒಂದು ಆಜ್ಞೆ ಕೊಟ್ಟು ನಿನ್ನ ಅಕ್ಷರ ಇಳಿಸಿಕೊಳ್ಳಬಹುದು. ಯಾರನ್ನೂ ಕೇಳಬೇಕಾಗಿಲ್ಲ, ದುಡ್ಡು ಕೊಡಬೇಕಾಗಿಲ್ಲ, ಕದ್ದ ಪ್ರತಿ ಬಳಸಬೇಕಾಗಿಲ್ಲ. ಕೇಂದ್ರ ಸರ್ಕಾರದ ಸಿ-ಡ್ಯಾಕ್ ಮಾಡಿದ ಬಾಸ್ ಕೂಡ ಡೆಬಿಯನ್ನಿನ ಮೇಲೆಯೇ ನಿಂತದ್ದು.

ಸೇರಿಸಿದರೆ ಮುಗಿಯಿತು ಅಂತಲೂ ಅಲ್ಲ. ಯಾರೋ ದೋಷ ಬರೆದು ಕಳಿಸುತ್ತಾರೆ, ಉತ್ತರ ಕೊಡಬೇಕು. ನೋಡಿಕೊಳ್ಳುವವರು ಇಲ್ಲದ ಪ್ಯಾಕೇಜನ್ನು ಅವರು ಕೈಬಿಡುತ್ತಾರೆ. ಆ ಜವಾಬ್ದಾರಿ ನನ್ನದು. ಅಕ್ಷರದ ವಿಷಯ ಬಂದಾಗ ಮಾತ್ರ ನಿನ್ನನ್ನು ಕೇಳುತ್ತೇನೆ. ಒತ್ತು ಸ್ಪಷ್ಟವಿಲ್ಲ ಅಂತ ಬದಿಯಡ್ಕದ ಹುಡುಗಿ ಬರೆದರೆ, ಸರಿಪಡಿಸಿ ಗೆರೆ ಎಳೆದುಕೊಡಬೇಕಾದವನು ನೀನೇ.

ಈಗ ನಿನ್ನಿಂದ ಆಗಬೇಕಾದದ್ದು. ಒಪ್ಪಿಗೆ ಪತ್ರ ಇಟ್ಟಿದ್ದೇನೆ, ಕನ್ನಡದಲ್ಲೇ ಬರೆದಿದ್ದೇನೆ, ಲೈಸೆನ್ಸಿನ ಇಂಗ್ಲಿಷ್ ಪ್ರತಿಯೂ ಹಿಂದೆ ಇದೆ. ತಮ್ಮ ಎಳೆದ ಗೆರೆಗೆ ಅವನದ್ದೂ ಹಕ್ಕು, ಇಬ್ಬರೂ ಸಹಿ ಹಾಕಬೇಕು. ನಿಧಾನವಾಗಿ ಓದಿಸಿಕೊಂಡು ಹಾಕು, ಅನುಮಾನ ಬಂದ ಸಾಲಿಗೆ ಗೆರೆ ಎಳೆದು ಕಳಿಸು. ಫಾಂಟಿಗೆ ಹೆಸರು ನೀನೇ ಇಡಬೇಕು. ಕೇದಗೆ, ಮಲ್ಲಿಗೆ, ಗುಬ್ಬಿ, ನವಿಲು ಆಗಲೇ ಬಂದಿವೆ. ನಿನ್ನ ಹೆಸರನ್ನೇ ಇಡೋಣ ಅಂದರೆ ನೀನು ಒಪ್ಪುವುದಿಲ್ಲ ಅಂತ ಅಮ್ಮ ಹೇಳಿದಳು. ಆದರೂ ಒಮ್ಮೆ ಯೋಚಿಸು.

ಇನ್ನೂ ಕೆಲವು ಅಕ್ಷರ ಬಾಕಿ ಇವೆ. ಯಾವ ಅಂಗಡಿಯವರೂ ನಿನ್ನ ಹತ್ತಿರ ಙ ಬರೆಸಲಿಲ್ಲ, ಞ ಬರೆಸಲಿಲ್ಲ. ಜ್ಞಾನದ ಒತ್ತು ಮಾತ್ರ ಶಾಲೆಯ ಬೋರ್ಡಿನಿಂದ ಸಿಕ್ಕಿತು. ಹಳಗನ್ನಡದ ಱ, ೞ ಎರಡೂ ಬೇಕು. ಶಾಸನ ಓದುವವರು ನಿನ್ನ ಅಕ್ಷರ ಬೇಡ ಅನ್ನುವ ಹಾಗೆ ಆಗಬಾರದು. 2010ರಲ್ಲಿ ಬಂದ ರೂಪಾಯಿ ಚಿಹ್ನೆ ಬೇಕು, ಕನ್ನಡದ ಅಂಕಿಗಳಲ್ಲಿ ೬ ಮತ್ತು ೯ ಇನ್ನೊಮ್ಮೆ ಬೇಕು, ಈಗಿರುವವು ದೂರದಿಂದ ಒಂದೇ ಥರ ಕಾಣುತ್ತವೆ. ಹೊಸ ಬ್ರಶ್ಶು ಬೇಡ, ಆ ಹಳೇ ಅರ್ಧ ಇಂಚಿನದ್ದರಲ್ಲೇ ಬರೆ. ಒಂದೊಂದನ್ನೂ ನಾಲ್ಕು ಬೆರಳಿನಷ್ಟು ಎತ್ತರ ಇಡು, ಕಪ್ಪು ಬಣ್ಣದಲ್ಲೇ ಇರಲಿ. ಹಾಳೆ ಮಡಚಬೇಡ, ಎರಡು ರಟ್ಟಿನ ನಡುವೆ ಇಟ್ಟು ನನ್ನ ಕಚೇರಿ ವಿಳಾಸಕ್ಕೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸು.

ನಿನ್ನ ಮಗಳು